ಮಾಹಿಲ್‌ಪುರದ ಹುಡುಗ, ಕಿಚನರ್‌ನ ಮಣ್ಣು

ನವೆಂಬರ್ ಬಂತೆಂದರೆ ನಮ್ಮ ಮನೆಯಲ್ಲಿ ಪ್ರತಿವರ್ಷವೂ ಒಂದು ಸಣ್ಣ ಚರ್ಚೆ. ಕೋಟಿನ ಎಡಗಡೆ ಯಾವುದನ್ನು ಚುಚ್ಚಿಕೊಳ್ಳಬೇಕು? ರಾಜ್ಯೋತ್ಸವದ ಹಳದಿ-ಕೆಂಪು ಬ್ಯಾಡ್ಜೋ, ಇಲ್ಲಿಯವರ ಕೆಂಪು ಪಾಪಿ ಹೂವೋ? ನಮ್ಮ ಸಂಘದ ರಾಜ್ಯೋತ್ಸವ ನವೆಂಬರ್ ಒಂದಕ್ಕೇ ನಡೆಯುವುದಿಲ್ಲ, ಹಾಲ್ ಸಿಕ್ಕ ಶನಿವಾರ ನಡೆಯುತ್ತದೆ ಎಂಬುದು ಓದುಗರಿಗೆಲ್ಲ ಗೊತ್ತಿರುವ ಸತ್ಯ. ಹಾಗಾಗಿ ಎಷ್ಟೋ ಸಲ ಎರಡೂ ಒಂದೇ ವಾರಕ್ಕೆ ಬಂದು ಬೀಳುತ್ತವೆ. ನನ್ನ ಹೆಂಡತಿ ತಲೆ ಕೆಡಿಸಿಕೊಳ್ಳದೆ ಎರಡನ್ನೂ ಚುಚ್ಚಿಕೊಳ್ಳುತ್ತಾಳೆ. ನಾನು ಬಹಳ ವರ್ಷ ಪಾಪಿಯನ್ನು ಆಫೀಸಿಗೆ ಹೋಗುವಾಗ ಮಾತ್ರ ಹಾಕಿಕೊಳ್ಳುತ್ತಿದ್ದೆ. ಹಾಕಿಕೊಳ್ಳದಿದ್ದರೆ ಚೆನ್ನಾಗಿರುವುದಿಲ್ಲ ಅಂತ, ಅಷ್ಟೇ. ಅದು ನನ್ನದು ಅನ್ನಿಸಿರಲಿಲ್ಲ.

ಮಗಳು ಐದನೇ ಗ್ರೇಡಿನಲ್ಲಿದ್ದಾಗ ಒಂದು ಸಂಜೆ ಶಾಲೆಯಿಂದ ಬಂದವಳೇ ಜಾನ್ ಮೆಕ್‌ಕ್ರೇಯ ಪಾಪಿ ಹೂವಿನ ಪದ್ಯವನ್ನು ಗಡಗಡ ಒಪ್ಪಿಸಿದಳು. ಕೆನಡಾದಲ್ಲಿ ಮಕ್ಕಳನ್ನು ಬೆಳೆಸಿದವರಿಗೆಲ್ಲ ಆ ಪದ್ಯ ಬಾಯಿಪಾಠವೇ ಆಗಿರುತ್ತದೆ. ಒಪ್ಪಿಸಿ ಮುಗಿಸಿ ಕೇಳಿದಳು, "ಅಪ್ಪ, ಇದರಲ್ಲಿ ನಮ್ಮವರು ಯಾರಾದರೂ ಇದ್ದರಾ?"

ನಾನು ಸ್ವಲ್ಪ ಜಂಬದಿಂದಲೇ ಮೈಸೂರು ಲ್ಯಾನ್ಸರ್ಸ್ ಕಥೆ ಹೇಳಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಟರ್ಕಿಯವರ ಕೈಯಿಂದ ಬಿಡಿಸಿದ್ದು ಜೋಧಪುರದ ಮತ್ತು ನಮ್ಮ ಮೈಸೂರಿನ ಕುದುರೆ ದಳದವರು. ಮೆಷಿನ್ ಗನ್ ಎದುರು ಈಟಿ ಹಿಡಿದು ಕುದುರೆ ಓಡಿಸಿದವರು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರಲ್ಲಿ ಒಬ್ಬ ನಮ್ಮ ಮೈಸೂರಿನವನು. ಮಗಳು ಎಲ್ಲ ಕೇಳಿಸಿಕೊಂಡು, "ಅವರು ಇಂಡಿಯಾದಿಂದ ಹೋದವರು. ನಮ್ಮ ಹಾಗೆ ಇಲ್ಲಿಗೆ ಬಂದು, ಇಲ್ಲಿಂದ ಹೋದವರು?" ಎಂದಳು. "ಆಗ ಇಲ್ಲಿ ಯಾರಿದ್ದರು ಪುಟ್ಟಿ, ಯಾರೂ ಇರಲಿಲ್ಲ" ಅಂದುಬಿಟ್ಟೆ.

ನಾನು ಹೇಳಿದ್ದು ಶುದ್ಧ ತಪ್ಪು. ವಾಟರ್‌ಲೂನಲ್ಲಿರುವ ನಮ್ಮ ಮನೆಯಿಂದ ಕಾರಿನಲ್ಲಿ ಕಾಲು ಗಂಟೆ ದೂರದಲ್ಲಿ, ಕಿಚನರ್‌ನ ಮೌಂಟ್ ಹೋಪ್ ಸ್ಮಶಾನದಲ್ಲಿ, ಅವಳ ಪ್ರಶ್ನೆಗೆ ಉತ್ತರ 1919ರಿಂದ ಮಲಗಿತ್ತು. ಅವನ ಹೆಸರು ಬಕಮ್ ಸಿಂಗ್.

ಬಕಮ್ ಸಿಂಗ್ ಹುಟ್ಟಿದ್ದು 1893ರ ಡಿಸೆಂಬರ್‌ನಲ್ಲಿ, ಪಂಜಾಬಿನ ಹೋಶಿಯಾರ್‌ಪುರ ಜಿಲ್ಲೆಯ ಮಾಹಿಲ್‌ಪುರದಲ್ಲಿ. ಹತ್ತು ವರ್ಷ ತುಂಬುವ ಮೊದಲೇ, 1903ರಲ್ಲಿ, ಜಲಂಧರ್ ಕಡೆಯ ಜಮ್‌ಶೇರ್ ಊರಿನ ಪ್ರೀತಮ್ ಕೌರ್ ಜೊತೆ ಮದುವೆ. ಈಗಿನ ಮಕ್ಕಳಿಗೆ ಇದನ್ನು ಹೇಳಿದರೆ ಕಣ್ಣು ಕಣ್ಣು ಬಿಡುತ್ತಾರೆ. ನಮಗೇನೂ ಆಶ್ಚರ್ಯವಿಲ್ಲ. ನಮ್ಮಜ್ಜಿಗೆ ಮದುವೆಯಾದಾಗ ಒಂಬತ್ತು ವರ್ಷ. ಲಗ್ನ ಮುಗಿಸಿ ತವರಿನಲ್ಲೇ ಇದ್ದು, ದೊಡ್ಡವಳಾದ ಮೇಲೆ ಪ್ರಸ್ತವಾಗಿ ಗಂಡನ ಮನೆಗೆ ಹೋದವರು. ಪಂಜಾಬಿನಲ್ಲೂ ಅದೇ ಕ್ರಮ. ಅಲ್ಲಿ ಅದಕ್ಕೆ ಮುಕ್ಲಾವಾ ಎನ್ನುತ್ತಾರೆ. ಅಜ್ಜಿಗೂ ಪ್ರೀತಮ್ ಕೌರ್‌ಗೂ ವ್ಯತ್ಯಾಸವೆಂದರೆ, ಅಜ್ಜಿಯ ಗಂಡನ ಮನೆ ಹದಿನೆಂಟು ಮೈಲಿ ದೂರದಲ್ಲಿತ್ತು. ಪ್ರೀತಮ್ ಕೌರ್‌ಳ ಗಂಡ 1907ರಲ್ಲಿ, ಹದಿನಾಲ್ಕರ ಹುಡುಗನಾಗಿ, ಹಡಗು ಹತ್ತಿ ಬ್ರಿಟಿಷ್ ಕೊಲಂಬಿಯಾಕ್ಕೆ ಬಂದುಬಿಟ್ಟ.

ಬಂದ ವರ್ಷ ನೋಡಿ, ಎಂಥ ವರ್ಷ! ಅದೇ 1907ರಲ್ಲಿ ಬ್ರಿಟಿಷ್ ಕೊಲಂಬಿಯಾ ಸರ್ಕಾರ ಭಾರತೀಯರ ಮತದಾನದ ಹಕ್ಕನ್ನು ಕಿತ್ತುಕೊಂಡಿತು. ಸೆಪ್ಟೆಂಬರ್‌ನಲ್ಲಿ ವ್ಯಾಂಕೂವರ್‌ನಲ್ಲಿ ಏಷ್ಯಾದವರ ವಿರುದ್ಧ ದೊಡ್ಡ ದೊಂಬಿಯಾಗಿ, ಚೀನೀಯರ ಮತ್ತು ಜಪಾನೀಯರ ಅಂಗಡಿಗಳ ಗಾಜು ಪುಡಿಯಾಯಿತು. ಮರುವರ್ಷ ಒಟ್ಟಾವಾದವರು ಒಂದು ಜಾಣ ಕಾನೂನು ತಂದರು. ಅದರಲ್ಲಿ ಭಾರತೀಯರು ಬರಬಾರದು ಅಂತ ಎಲ್ಲೂ ಬರೆದಿರಲಿಲ್ಲ. ಬರೆಯಲಾಗದು ಪಾಪ, ಇಬ್ಬರೂ ಒಬ್ಬನೇ ಚಕ್ರವರ್ತಿಯ ಪ್ರಜೆಗಳು! ಕೆನಡಾಕ್ಕೆ ಬರುವವರು ಹುಟ್ಟಿದ ದೇಶದಿಂದ ನೇರವಾಗಿ, ಒಂದೇ ಟಿಕೆಟ್ಟಿನಲ್ಲಿ, ನಡುವೆ ಎಲ್ಲೂ ಪ್ರಯಾಣ ಮುರಿಯದೆ ಬರಬೇಕು ಎಂದು ಬರೆದರು. ಭಾರತದಿಂದ ಹಾಗೆ ಬರುವ ಹಡಗು ಮಾರ್ಗವನ್ನು ಮುಚ್ಚಿಸಿದರು. ಸಾಲದ್ದಕ್ಕೆ ಏಷ್ಯಾದಿಂದ ಬರುವವರ ಜೇಬಿನಲ್ಲಿ 200 ಡಾಲರ್ ಇರಬೇಕೆಂಬ ನಿಯಮ ಬೇರೆ. 1914ರ ಬೇಸಿಗೆಯಲ್ಲಿ ಕೋಮಗಾತಮಾರು ಹಡಗು 376 ಜನರನ್ನು ಹೊತ್ತುಕೊಂಡು ವ್ಯಾಂಕೂವರ್ ಬಂದರಿನಲ್ಲಿ ಎರಡು ತಿಂಗಳು ನಿಂತು, ಬೆರಳೆಣಿಕೆಯ ಜನರನ್ನು ಮಾತ್ರ ಇಳಿಸಿ ಹಿಂದಕ್ಕೆ ಹೋದದ್ದು ಈ ಕಾನೂನಿನಿಂದಲೇ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಆ ಕಾನೂನು ಹೊಸಬರನ್ನಷ್ಟೇ ತಡೆಯಲಿಲ್ಲ, ಮೊದಲೇ ಬಂದಿದ್ದವರ ಹೆಂಡಿರು ಮಕ್ಕಳನ್ನೂ ತಡೆಯಿತು. ಅಂದರೆ ಪ್ರೀತಮ್ ಕೌರ್ ವಯಸ್ಸಿಗೆ ಬಂದು, ಮುಕ್ಲಾವಾ ಮಾಡಿ ಕಳಿಸಿಕೊಡುವ ಕಾಲ ಬಂದಾಗ, ಕಳಿಸಿಕೊಡಲು ದಾರಿಯೇ ಇರಲಿಲ್ಲ. ನಾನು ತೊಂಬತ್ತರ ದಶಕದಲ್ಲಿ ಇಲ್ಲಿಗೆ ಬಂದಾಗ ನನ್ನ ಹೆಂಡತಿಯ ಕಾಗದಪತ್ರ ಮುಗಿಯಲು ಹನ್ನೊಂದು ತಿಂಗಳು ಹಿಡಿಯಿತು. ಆ ಹನ್ನೊಂದು ತಿಂಗಳ ಕಥೆಯನ್ನು ನಾನು ಇವತ್ತಿಗೂ ಪಾಟ್‌ಲಕ್ಕುಗಳಲ್ಲಿ ಹೇಳುತ್ತಿರುತ್ತೇನೆ, ಕೇಳಿದವರು ಪುಣ್ಯಕ್ಕೆ ಸಹಿಸಿಕೊಳ್ಳುತ್ತಾರೆ. ಬಕಮ್ ಸಿಂಗನಿಗೆ ಕಾಯಲು ಒಂದು ಅರ್ಜಿ ನಮೂನೆಯೂ ಇರಲಿಲ್ಲ.

1912-13ರ ಹೊತ್ತಿಗೆ ಅವನು ಪಶ್ಚಿಮ ತೀರವನ್ನು ಬಿಟ್ಟು ಟೊರಾಂಟೊ ಕಡೆಗೆ ಬಂದ. ಆಗ ಭಾರತೀಯರಲ್ಲಿ ಹೆಚ್ಚುಕಡಿಮೆ ಎಲ್ಲರೂ ಬ್ರಿಟಿಷ್ ಕೊಲಂಬಿಯಾದ ಮರದ ಮಿಲ್ಲುಗಳಲ್ಲಿದ್ದರು. ಒಂಟಾರಿಯೋದಲ್ಲಿ ಸಿಖ್ಖರನ್ನು ದುರ್ಬೀನು ಹಾಕಿ ಹುಡುಕಬೇಕಿತ್ತು. ಇವನು ಟೊರಾಂಟೊದ ಪೂರ್ವಕ್ಕೆ, ಪಿಕರಿಂಗ್ ಹತ್ತಿರದ ರೋಸ್‌ಬ್ಯಾಂಕಿನ ಒಂದು ಹೊಲದಲ್ಲಿ ಆಳಾಗಿ ದುಡಿದ. ಈಗ ಅಲ್ಲಿ 401 ಹೆದ್ದಾರಿಯ ಸದ್ದು, ಸಾಲು ಮನೆಗಳು. ನಮ್ಮ ಸಂಘದ ಎಷ್ಟೋ ಕುಟುಂಬಗಳೂ ಆ ಕಡೆಯೇ ಇವೆ.

1914ರ ಆಗಸ್ಟಿನಲ್ಲಿ ಮಹಾಯುದ್ಧ ಶುರುವಾಯಿತು. 1915ರ ವಸಂತದಲ್ಲಿ ಬಕಮ್ ಸಿಂಗ್ ಒಟ್ಟಾವಾ ದಕ್ಷಿಣದ ಸ್ಮಿತ್ಸ್ ಫಾಲ್ಸ್ ಎಂಬ ರೈಲ್ವೆ ಊರಿಗೆ ಹೋಗಿ ಕೆನಡಾ ಸೈನ್ಯಕ್ಕೆ ಹೆಸರು ಕೊಟ್ಟ. ವಯಸ್ಸು 21. ಕೋಮಗಾತಮಾರು ಹಿಂತಿರುಗಿ ಹೋಗಿ ಇನ್ನೂ ಒಂದು ವರ್ಷವೂ ಆಗಿರಲಿಲ್ಲ.

ಇಲ್ಲಿ ನಾನು ಪ್ರತಿ ಸಲವೂ ನಿಲ್ಲುತ್ತೇನೆ. ಯಾಕೆ ಸೇರಿದ? ಸಭೆಗಳಲ್ಲಿ ಭಾಷಣ ಮಾಡುವವರು ದೇಶಪ್ರೇಮ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನನಗದು ಅಷ್ಟು ಸುಲಭವಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಯಾವ ದೇಶದ ಪ್ರೇಮ? ಓಟು ಕಿತ್ತುಕೊಂಡ ದೇಶದ್ದೇ, ಹೆಂಡತಿಯನ್ನು ಬರಗೊಡದ ದೇಶದ್ದೇ? ಕೆನಡಾದ ಸಾಮಾನ್ಯ ಸಿಪಾಯಿಗೆ ದಿನಕ್ಕೆ ಒಂದು ಡಾಲರ್ ಸಂಬಳ, ಮೇಲೆ ಹತ್ತು ಸೆಂಟ್ ಭತ್ಯೆ. ಹೊಲದ ಆಳಿಗೆ ಅದು ಸಣ್ಣದಲ್ಲ. ಹೋಶಿಯಾರ್‌ಪುರದ ಕಡೆಯ ಮನೆಮನೆಯಿಂದಲೂ ಗಂಡಸರು ಪಲ್ಟನ್ ಸೇರುತ್ತಿದ್ದ ಕಾಲ ಅದು, ಮರ್ಯಾದೆಯ ಪ್ರಶ್ನೆಯೂ ಇದ್ದೀತು. ಇಷ್ಟು ಮಾತ್ರ ಹೇಳಬಲ್ಲೆ. ಸೇರುವುದು ಅವನಿಗೆ ಸುಲಭವಾಗಿರಲಿಲ್ಲ. ಆಗ ಬಿಳಿಯರಲ್ಲದವರನ್ನು ಬಹಳ ಕಡೆ ಬಾಗಿಲಿನಿಂದಲೇ ವಾಪಸ್ ಕಳಿಸುತ್ತಿದ್ದರು. ಬ್ರಿಟಿಷ್ ಕೊಲಂಬಿಯಾದ ಜಪಾನೀಯರು ಅಲ್ಬರ್ಟಾಕ್ಕೆ ಹೋಗಿ ಸೇರಬೇಕಾಯಿತು. ಕಪ್ಪು ಜನರಿಗೆ 1916ರಲ್ಲಿ ಬಂದೂಕಿನ ಬದಲು ಗುದ್ದಲಿ ಕೊಟ್ಟು ಬೇರೆಯೇ ಒಂದು ಕಟ್ಟಡ ಕೆಲಸದ ಬೆಟಾಲಿಯನ್ ಮಾಡಿದರು. ಆರು ಲಕ್ಷಕ್ಕೂ ಹೆಚ್ಚು ಜನರಿದ್ದ ಕೆನಡಾದ ಆ ಸೈನ್ಯದಲ್ಲಿ ಗುರುತು ಸಿಕ್ಕಿರುವ ಸಿಖ್ಖರು ಸುಮಾರು ಹತ್ತು ಮಂದಿ. ಅದೇ ಹೊತ್ತಿಗೆ ಭಾರತದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಮುದ್ರ ದಾಟಿ ಯುದ್ಧಕ್ಕೆ ಹೋಗಿದ್ದರು. ಅವರಿಗೆ ತಮ್ಮ ಭಾಷೆ, ತಮ್ಮ ಅಡಿಗೆ, ತಮ್ಮ ಊರಿನ ಜೊತೆಗಾರರು ಇದ್ದರು. ನಮ್ಮ ಲ್ಯಾನ್ಸರ್ಸ್‌ಗೂ ಅಷ್ಟೇ. ಬಕಮ್ ಸಿಂಗನಿಗೆ ರಾತ್ರಿ ಕಂದಕದಲ್ಲಿ ಕುಳಿತು ಪಂಜಾಬಿಯಲ್ಲಿ ಎರಡು ಮಾತಾಡಲು ಯಾರಿದ್ದರು?

1916ರಲ್ಲಿ ಅವನು ಕೆನಡಾದ 20ನೇ ಬೆಟಾಲಿಯನ್ನಿನ ಜೊತೆ ಬೆಲ್ಜಿಯಮ್ಮಿನ ಫ್ಲಾಂಡರ್ಸ್ ಕಂದಕಗಳಲ್ಲಿದ್ದ. ಜೂನ್ ತಿಂಗಳಲ್ಲಿ ಈಪ್ರ್ ಪಟ್ಟಣದ ಹತ್ತಿರ ಕೆನಡಾದವರ ಮೇಲೆ ಜರ್ಮನ್ನರ ಭಾರೀ ದಾಳಿಯಾಯಿತು. ಸಿಡಿಗುಂಡಿನ ಚೂರು ಬಕಮ್ ಸಿಂಗನ ತಲೆಗೆ ತಗುಲಿತು. ವಾಸಿ ಮಾಡಿಕೊಂಡು ಮತ್ತೆ ಮುಂಚೂಣಿಗೆ ಹೋದ. ಜುಲೈನಲ್ಲಿ ಸೇಂಟ್ ಎಲುವಾ ಬಳಿ ಕಾಲಿಗೆ ಗುಂಡು. ಈ ಸಲ ಅವನಿಗೆ ಚಿಕಿತ್ಸೆಯಾದದ್ದು ಫ್ರಾನ್ಸಿನಲ್ಲಿ, ಡಾಕ್ಟರ್ ಜಾನ್ ಮೆಕ್‌ಕ್ರೇ ಇದ್ದ ಆಸ್ಪತ್ರೆಯಲ್ಲಿ. ಹೌದು, ನನ್ನ ಮಗಳು ಒಪ್ಪಿಸಿದ ಪದ್ಯದ ಅದೇ ಮೆಕ್‌ಕ್ರೇ! ಅವರು ಗ್ವೆಲ್ಫ್ ಊರಿನವರು, ಕಿಚನರ್‌ನಿಂದ ಅರ್ಧ ಗಂಟೆ ದೂರ. ಅವರು 1918ರ ಜನವರಿಯಲ್ಲಿ ನ್ಯುಮೋನಿಯಾದಿಂದ ಫ್ರಾನ್ಸಿನಲ್ಲೇ ತೀರಿಕೊಂಡರು. ಗ್ವೆಲ್ಫಿನ ಮನೆಮಗ ಅಲ್ಲಿಯ ಮಣ್ಣಿನಲ್ಲಿ, ಮಾಹಿಲ್‌ಪುರದ ಹುಡುಗ ಇಲ್ಲಿಯ ಮಣ್ಣಿನಲ್ಲಿ.

ಗುಂಡಿನ ಗಾಯ ವಾಸಿಯಾಯಿತು. ಇಂಗ್ಲೆಂಡಿನಲ್ಲಿ ಮತ್ತೆ ಯುದ್ಧಕ್ಕೆ ಹೋಗಲು ತಯಾರಾಗುತ್ತಿದ್ದಾಗ, 1917ರಲ್ಲಿ, ಕ್ಷಯರೋಗ ಹಿಡಿಯಿತು. ಸ್ಟ್ರೆಪ್ಟೊಮೈಸಿನ್ ಬರಲು ಇನ್ನೂ ಕಾಲು ಶತಮಾನ ಬೇಕಿತ್ತು. ಆಗಿನ ಔಷಧಿಯೆಂದರೆ ಒಳ್ಳೆ ಗಾಳಿ, ಹಾಲು-ಮೊಟ್ಟೆ, ಮಲಗಿಕೊಂಡಿರುವುದು. ಅವನನ್ನು ಕೆನಡಾಕ್ಕೆ ವಾಪಸ್ ತಂದು, ಕಿಚನರ್‌ನಲ್ಲಿ ಗ್ರ್ಯಾಂಡ್ ನದಿಯ ಪಕ್ಕದ ಫ್ರೀಪೋರ್ಟ್ ಕ್ಷಯರೋಗದ ಆಸ್ಪತ್ರೆಗೆ ಸೇರಿಸಿದರು.

ಕಿಚನರ್ ಎಂಬ ಹೆಸರಿನ ಬಗ್ಗೆಯೂ ಎರಡು ಮಾತು ಹೇಳಲೇಬೇಕು. 1916ರವರೆಗೆ ಆ ಊರಿನ ಹೆಸರು ಬರ್ಲಿನ್! ಊರು ತುಂಬ ಜರ್ಮನ್ ಮೂಲದವರು. ಯುದ್ಧ ಶುರುವಾದ ತಿಂಗಳಲ್ಲೇ ಯಾರೋ ಪುಂಡರು ವಿಕ್ಟೋರಿಯಾ ಪಾರ್ಕಿನಲ್ಲಿದ್ದ ಕೈಸರ್ ವಿಲ್ಹೆಲ್ಮನ ತಲೆಯ ಶಿಲ್ಪವನ್ನು ಕಿತ್ತು ಅಲ್ಲಿಯ ಕೆರೆಗೆ ಎಸೆದರು. ಕೊನೆಗೆ ಮತ ಹಾಕಿಸಿ, ಊರಿನ ಹೆಸರನ್ನೇ ಬದಲಾಯಿಸಿ, 1916ರ ಜೂನಿನಲ್ಲಿ ಸಮುದ್ರದಲ್ಲಿ ಮುಳುಗಿ ಸತ್ತ ಲಾರ್ಡ್ ಕಿಚನರ್ ಹೆಸರು ಇಟ್ಟರು. ಈ ಕಿಚನರ್ ಸಾಹೇಬರು ಅದಕ್ಕೂ ಮೊದಲು, 1902ರಿಂದ 1909ರವರೆಗೆ, ಭಾರತದ ಸೈನ್ಯದ ಮುಖ್ಯ ದಂಡನಾಯಕರಾಗಿದ್ದವರು. ಬಕಮ್ ಸಿಂಗ್ ಮಾಹಿಲ್‌ಪುರದಲ್ಲಿ ಗೋಲಿ ಆಡುತ್ತಿದ್ದ ಕಾಲಕ್ಕೆ ಆ ನಾಡಿನ ಪಲ್ಟನ್ನುಗಳೆಲ್ಲ ಅವರ ಕೈಕೆಳಗೆ. ಹುಡುಗ ಸಾಯಲು ಬಂದದ್ದೂ ಅವರ ಹೆಸರಿನ ಊರಿಗೇ.

ಅವನು ಫ್ರೀಪೋರ್ಟಿನಲ್ಲಿ ಮಲಗಿದ್ದಾಗ 1918ರ ನವೆಂಬರ್ 11 ಬಂತು, ಯುದ್ಧ ನಿಂತಿತು. 1919ರ ಏಪ್ರಿಲ್ 13ರಂದು ಅವನದೇ ಪಂಜಾಬಿನಲ್ಲಿ, ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ, ಅದೇ ಚಕ್ರವರ್ತಿಯ ಸೈನ್ಯ ನಿರಾಯುಧ ಜನರ ಮೇಲೆ ಗುಂಡು ಹಾರಿಸಿತು. ಜೂನ್‌ನಲ್ಲಿ ವರ್ಸೇಲ್ಸ್ ಒಪ್ಪಂದವಾಯಿತು. ಇನ್ನೊಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ಯುದ್ಧದಲ್ಲಿ ಭಾರತ ಸುರಿಸಿದ ರಕ್ತಕ್ಕೆ ಪ್ರತಿಯಾಗಿಯೋ ಏನೋ, 1918ರ ಸಾಮ್ರಾಜ್ಯ ಸಮ್ಮೇಳನದಲ್ಲಿ ಒಂದು ನಿರ್ಣಯವಾಗಿ, ಇಲ್ಲಿ ನೆಲೆಸಿದ ಭಾರತೀಯರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದು ಎಂದು ಕೆನಡಾ ಒಪ್ಪಿದ್ದು 1919ರಲ್ಲಿ. ಅದೇ 1919ರ ಆಗಸ್ಟ್ 27ರಂದು ಬಕಮ್ ಸಿಂಗ್ ತೀರಿಕೊಂಡ. ವಯಸ್ಸು 25. ಬಂದೂಕುಗಳು ನಿಂತು ಒಂಬತ್ತು ತಿಂಗಳಾಗಿತ್ತು, ಆದರೂ ಯುದ್ಧದಲ್ಲಿ ಮಡಿದವರ ಲೆಕ್ಕದಲ್ಲೇ ಅವನ ಹೆಸರಿದೆ. 1921ರ ಆಗಸ್ಟ್ ಕೊನೆಯವರೆಗೆ ಸೇವೆಯ ಕಾರಣದಿಂದ ಸತ್ತವರನ್ನೆಲ್ಲ ಹಾಗೆ ಎಣಿಸುತ್ತಾರೆ. ಸಿಖ್ಖರಲ್ಲಿ ಸುಡುವುದು ಪದ್ಧತಿ. ಇಲ್ಲಿ ಅವನಿಗೆ ಕೊಳ್ಳಿ ಇಡುವ ಕೈ ಇರಲಿಲ್ಲ, ಮಿಲಿಟರಿಯವರು ಮೌಂಟ್ ಹೋಪ್‌ನಲ್ಲಿ ಹೂಳಿದರು.

ಆಮೇಲೆ ಎಂಬತ್ತೆಂಟು ವರ್ಷ ಅವನ ಸುದ್ದಿ ಕೇಳಿದವರಿಲ್ಲ.

ಇಷ್ಟೆಲ್ಲ ನಮಗೆ ತಿಳಿದದ್ದು ಒಂದು ಪದಕದಿಂದ. 2007ರಲ್ಲಿ ಇಲ್ಲಿಯ ಇತಿಹಾಸಾಸಕ್ತ ಸಂದೀಪ್ ಸಿಂಗ್ ಬ್ರಾರ್ ಅವರು ಇಂಗ್ಲೆಂಡಿನಲ್ಲಿ ಮಾರಾಟಕ್ಕಿದ್ದ ಒಂದು ವಿಕ್ಟರಿ ಮೆಡಲ್ ಕೊಂಡರು. ಮೊದಲ ಮಹಾಯುದ್ಧದ ನಂತರ ಆ ಪದಕಗಳನ್ನು ಲಕ್ಷಗಟ್ಟಲೆ ಹಂಚಿದ್ದರು, ಹಳೇ ಸಾಮಾನಿನ ಅಂಗಡಿಗಳಲ್ಲಿ ಈಗಲೂ ಸಿಗುತ್ತವೆ. ಒಂದು ವಿಶೇಷವೆಂದರೆ ಪದಕದ ಅಂಚಿನಲ್ಲಿ ಆಯಾ ಸಿಪಾಯಿಯ ನಂಬರು, ಹೆಸರು ಕೆತ್ತಿರುತ್ತಾರೆ. ಈ ಪದಕದ ಅಂಚಿನಲ್ಲಿ ಒಬ್ಬ ಸಿಂಗ್ ಇದ್ದ. ಸಿಂಗ್ ಎಂದರೆ ಭಾರತದ ಪಲ್ಟನ್ನಿನವನು ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಹೆಸರಿನ ಪಕ್ಕ ಇದ್ದದ್ದು ಕೆನಡಾದ ಬೆಟಾಲಿಯನ್! ಅಲ್ಲಿಂದ ಹಿಡಿದು ಸರ್ಕಾರದ ದಫ್ತರ, ಆಸ್ಪತ್ರೆಯ ಕಾಗದ ಎಲ್ಲ ಜಾಲಾಡಿ ಅವರು ಸಮಾಧಿಯವರೆಗೆ ಬಂದರು. ಕೆನಡಾದಲ್ಲಿ ಗೊತ್ತಿರುವ, ಮಹಾಯುದ್ಧದ ಸಿಖ್ ಸಿಪಾಯಿಯ ಸಮಾಧಿ ಇದೊಂದೇ.

ನಾನು ಮೊದಲ ಸಲ ಹೋದದ್ದು ಅಕ್ಟೋಬರ್‌ನ ಒಂದು ಮಧ್ಯಾಹ್ನ, ಒಬ್ಬನೇ. ಹುಡುಕಲು ಅರ್ಧ ಗಂಟೆ ಹಿಡಿಯಿತು. ಸುತ್ತಲೂ ಜರ್ಮನ್ ಹೆಸರುಗಳ ಹಳೇ ಕಲ್ಲುಗಳು, ಮೇಪಲ್ ಎಲೆಗಳ ರಾಶಿ. ನಡುವೆ ಎಲ್ಲ ಸಿಪಾಯಿಗಳಿಗೂ ಇಡುವಂಥ ಸಾಧಾರಣ ಕಲ್ಲೊಂದರ ಮೇಲೆ ಸಿಂಗ್ ಎಂಬ ಹೆಸರು ಕಂಡಾಗ, ಪರವೂರಿನ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಕನ್ನಡ ಮಾತಾಡಿದ್ದು ಕಿವಿಗೆ ಬಿದ್ದ ಹಾಗಾಯಿತು. ನನಗೂ ಅವನಿಗೂ ಭಾಷೆ ಬೇರೆ, ಊರು ಬೇರೆ. ಮಾಹಿಲ್‌ಪುರ ನಾನು ನೋಡಿದ್ದೂ ಇಲ್ಲ. ಆದರೂ ಹಾಗನ್ನಿಸಿತು, ಏನು ಮಾಡುವುದು. ಏನು ಹೇಳಬೇಕೋ ಗೊತ್ತಾಗದೆ ಕಲ್ಲಿನ ಮೇಲೆ ಬಿದ್ದಿದ್ದ ಎಲೆಗಳನ್ನು ತೆಗೆದು ಹಾಕಿ ಬಂದೆ.

ನವೆಂಬರ್ 11ಕ್ಕೆ ಮೊದಲಿನ ಭಾನುವಾರ ಪ್ರತಿವರ್ಷ ಅಲ್ಲಿ ಸಿಖ್ಖರು ಸೇರುತ್ತಾರೆ. ಮುಂದಿನ ತಿಂಗಳು ಮಗಳನ್ನೂ ಹೆಂಡತಿಯನ್ನೂ ಕರೆದುಕೊಂಡು ಹೋದೆ. ದೂರದೂರದಿಂದ ಬಂದವರು, ಯೂನಿಫಾರ್ಮ್ ಹಾಕಿದ ಪೇಟದ ಹುಡುಗರು, ಎದೆ ತುಂಬ ಪದಕವಿದ್ದ ಮುದುಕರು. ಅರ್ದಾಸ್ ಹೇಳಿದರು, ಕಹಳೆ ಊದಿದರು. ಎರಡು ನಿಮಿಷ ಮೌನ. ಚಳಿಗೆ ಕಾಲು ಮರಗಟ್ಟುತ್ತಿತ್ತು. ಮುಗಿದ ಮೇಲೆ ಒಬ್ಬ ಹಿರಿಯರು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಡುತ್ತಾ ಯಾವ ಊರಿನವರು ಎಂದು ಹಿಂದಿಯಲ್ಲಿ ವಿಚಾರಿಸಿದರು. ಕರ್ನಾಟಕ ಅಂದೆ. ಪೇಟವಿಲ್ಲದ ನಮ್ಮನ್ನು ನೋಡಿ ಏನಾದರೂ ಕೇಳುತ್ತಾರೆ ಅಂದುಕೊಂಡಿದ್ದೆ. ಕೇಳಲಿಲ್ಲ. ಇನ್ನೊಂದು ಲೋಟ ತುಂಬಿಸಿದರು, ಅಷ್ಟೆ.

ಮಗಳು ಕೋಟಿನಿಂದ ಪಾಪಿ ತೆಗೆದು ಎಲ್ಲರ ಹಾಗೆ ಕಲ್ಲಿನ ಬುಡದಲ್ಲಿಟ್ಟಳು. ಕಾರಿನಲ್ಲಿ ಬಹಳ ಹೊತ್ತು ಸುಮ್ಮನಿದ್ದಳು. ವೆಬರ್ ಸ್ಟ್ರೀಟಿಗೆ ಬಂದ ಮೇಲೆ ಕೇಳಿದಳು, "ಅಪ್ಪ, ಅವನ ಹೆಂಡತಿಗೆ ಯಾರು ಹೇಳಿದರು?"

ನನ್ನ ಹೆಂಡತಿ ಹಿಂದಿನ ಸೀಟಿನ ಕಡೆಗೆ ಕೈ ಚಾಚಿ ಅವಳ ಕೈ ಹಿಡಿದುಕೊಂಡಳು.

ಸ್ಮಶಾನದ ಗೇಟು ಬೆಳಗ್ಗಿನಿಂದ ತೆರೆದಿರುತ್ತದೆ. ಟೊರಾಂಟೊದಿಂದ ಒಂದೂಕಾಲು ಗಂಟೆ. ಹೋಗುವವರು ಬೂಟು ಹಾಕಿಕೊಂಡು ಹೋಗಿ, ನವೆಂಬರ್‌ನಲ್ಲಿ ಅಲ್ಲಿಯ ಹುಲ್ಲು ಬಹಳ ಒದ್ದೆ.